ಮಾತಾಡುವ ಬೈಕಿಗೆ ಮರ್ಯಾದೆ ಕೊಟ್ಟು ಇಳಿದು ತಳ್ಳುವವರ ಕುರಿತು

ನಿಃಶಬ್ದ ವಾಹನ ಮತ್ತು ಸಶಬ್ದ ಕುಟುಂಬಗಳ ಇಲಾಖೆ
ನಂಜನಗೂಡು–ತಿ. ನರಸೀಪುರ ಜೋಡಿ ವಿಭಾಗ

ಸಂಖ್ಯೆ: ನಿವಾಸಕುಇ/ಬ್ಯಾಟರಿ/ವಸಿ ತಡಿ/೦೪

ವಿಷಯ: ಐದು ವರ್ಷ ಹಳೆಯ ಎಲೆಕ್ಟ್ರಿಕ್ ಬೈಕನ್ನು ಮಾರುವ ಅಥವಾ ಮಾರದಿರುವ ಬಗ್ಗೆ.

ಪ್ರಸ್ತಾವನೆ:

"ಊಟ ಬಲ್ಲವನಿಗೆ ರೋಗವಿಲ್ಲ, ಚಾರ್ಜು ಬಲ್ಲವನಿಗೆ ತಳ್ಳಾಟವಿಲ್ಲ" ಎಂಬ ಗಾದೆಯನ್ನು ಹಿರಿಯರು ಹೇಳದೇ ಬಿಟ್ಟಿರುವುದರಿಂದ ಇಲಾಖೆಯೇ ಹೇಳಬೇಕಾಗಿ ಬಂದಿದೆ. ಕೆಳಕಂಡದ್ದು ನಡೆದ ಸಂಗತಿ. ನಂಬದವರು ಬ್ಯಾಟರಿ ಮುಟ್ಟಿ ಪ್ರಮಾಣ ಮಾಡತಕ್ಕದ್ದು.

ಚಿಕ್ಕಯ್ಯನಛತ್ರದ ನಿವಾಸಿ, ತಾಂಡ್ಯದ ಕಾರ್ಖಾನೆಯೊಂದರ ಸ್ಟೋರ್ ಕೀಪರ್ ಶ್ರೀ ಬಸವೇಶ್ ಅವರು ಸದರಿ ಬೈಕನ್ನು ಕೈಗೂಸಿನಂತೆ ಒರೆಸಿ ಸಾಕಿರುತ್ತಾರೆ. ಅವರ ತಾಯಿ ರುದ್ರಮ್ಮನವರು ಅದರ ಪ್ಲಗ್ ಕಿತ್ತು ಗ್ರೈಂಡರ್ ಹಾಕುತ್ತಾ, "ಅದ ಮಾರಾಕ್ಬುಟ್ಟು ಸದ್ದು ಮಾಡೋ ಗಾಡಿ ತಕಳ್ಲಾ! ನೀ ಬಂದದ್ದು ನಾಯಿಗೂ ಗೊತ್ತಾಗಕಿಲ್ಲ" ಎಂದು ಆಕ್ಷೇಪಿಸಿರುತ್ತಾರೆ. ಕಡೆಗೆ, ಒಂದೇ ಚಾರ್ಜಿನಲ್ಲಿ ಬನ್ನೂರಿನ ಬೀಗರ ಮನೆ ಮುಟ್ಟಿದರೆ ಬೈಕು ಉಳಿಯತಕ್ಕದ್ದು, ದಾರಿಯಲ್ಲಿ ನಿಂತರೆ ಮಾರತಕ್ಕದ್ದು ಎಂದು ಆದೇಶಿಸಿ, ತೀರ್ಪು ಕೊಡಲು ತಾವು ಬೆಳಿಗ್ಗೆಯೇ ಬಸ್ಸು ಹತ್ತಿರುತ್ತಾರೆ.

ತತ್ಸಂಬಂಧ ಬೈಕುಳ್ಳವರಿಗೆಲ್ಲ ಈ ಮೂಲಕ ಸೂಚಿಸಲಾಗಿದೆ:

೧. ಬಾಮೈದನನ್ನು ಹಿಂದೆ ಕೂರಿಸಿಕೊಳ್ಳುವ ಮುನ್ನ ಆತನ ಜೇಬನ್ನು ತಪಾಸಿಸತಕ್ಕದ್ದು. ಬಸವೇಶರ ಬಾಮೈದ ಶಿವರಾಜು ಯಾರ ದನಿ ಬೇಕಾದರೂ ತೆಗೆಯುವ ಆಸಾಮಿ. ಸೀಟಿನಡಿ ಬೆಂಕಿಪೊಟ್ಟಣದಷ್ಟು ಸ್ಪೀಕರ್ ಅಂಟಿಸಿ, ತಾನೇ ಆಡಿದ ಹೆಣ್ಣುದನಿಯನ್ನು ಮೊಬೈಲಿಗೆ ತುಂಬಿಕೊಂಡು ಹತ್ತಿದ್ದ.

೨. ನಂಜನಗೂಡು ದಾಟಿದ ಮೇಲೆ ಮೊದಲ ಏರಿನಲ್ಲಿ ಸೀಟಿನಡಿಯಿಂದ, "ಅಣ್ಣೋ, ಸುಸ್ತಾಯ್ತದೆ ಕಣಣ್ಣ. ವಸಿ ಇಳ್ದು ತಳ್ಳು" ಎಂದು ಕೇಳಿಸಿತು. ಇಂಥಲ್ಲಿ ಬೆಚ್ಚಿಬೀಳುವುದು ವಾಡಿಕೆ. ಬಸವೇಶ್ ಹಿಗ್ಗಿದರು. ಕಂಪನಿಯವರು ಆಗಾಗ ಬೈಕಿಗೆ ಅದೇನೋ ಅಪ್‌ಡೇಟ್ ಕಳಿಸುತ್ತಿದ್ದು, ಬದಲಾದದ್ದು ಏನೆಂದು ಈವರೆಗೆ ತಿಳಿದಿರಲಿಲ್ಲ. "ನೋಡ್ದಾ ಶಿವರಾಜು! ಕನ್ನಡ ಬಂದದೆ ಕಣೋ! ಅದೂ ನಮ್ ಕಡೆ ಕನ್ನಡ!"

೩. ಪರದೆಯನ್ನು ನಂಬತಕ್ಕದ್ದಲ್ಲ. ಹಳೇ ಬ್ಯಾಟರಿಯ ಚಾರ್ಜು ತೋರಿಸುವ ಪರದೆ ಶೇಕಡಾ ಇಪ್ಪತ್ತರಿಂದ ನೇರ ಮೂರಕ್ಕೆ ಧುಮುಕಿ ಹಲವು ಸಲ ಕೈಕೊಟ್ಟಿದ್ದರಿಂದ ಬಸವೇಶ್ ದನಿಯನ್ನೇ ನಂಬಿ, ಏರಿನಲ್ಲೆಲ್ಲ ತಳ್ಳಿದರು. ಪಾಪ, ದಣಿದಿದೆಯೆಂದು ಇಳಿಜಾರಿನಲ್ಲೂ ತಳ್ಳಿದರು. ಇಂಥ ವೇಳೆ ಬಾಮೈದನು ಬೈಕಿಗೆ ಭಾರವಾಗದಂತೆ ಹೆಲ್ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದು, ಸೀಟಿನ ಮೇಲೆಯೇ ಕುಳಿತಿರತಕ್ಕದ್ದು.

೪. ಬೈಕಿಗೆ ಎಳನೀರು ಕುಡಿಸುವುದನ್ನು ನಿಷೇಧಿಸಲಾಗಿದೆ. ನರಸೀಪುರದ ಸೇತುವೆ ಬಳಿ ದನಿಯು ಎಳನೀರು ಕೇಳಲಾಗಿ, ಬಸವೇಶ್ ಕಾಯಿ ಕೆತ್ತಿಸಿ ತಂದು, "ಎತ್ಲಾಗೆ ಉಯ್ಯದ್ಲಾ ಇದ?" ಎಂದು ಬೈಕನ್ನು ಸುತ್ತಿದರು. "ನನ್ ಬಾಯ್ಗುಯ್ಯಿ ಭಾವ. ಬ್ಲೂಟೂತಲ್ಲಿ ಅದ್ಕೂ ಓಯ್ತದೆ" ಎಂದು ಶಿವರಾಜು ತಾಂತ್ರಿಕ ಸಲಹೆ ಇತ್ತ.

೫. ಬೀಗರ ಬೀದಿಗೆ ತಳ್ಳಿಕೊಂಡು ಪ್ರವೇಶಿಸತಕ್ಕದ್ದಲ್ಲ. ಬೆವರಿಳಿಸಿಕೊಂಡು ಬಂದ ಮಗನನ್ನು ಕಂಡು ರುದ್ರಮ್ಮನವರು ಜಗುಲಿಯಿಂದಲೇ, "ನಿಂತೋಯ್ತಲ್ಲ! ನಾಳೀಕೇ ಮಾರು" ಎಂದು ತೀರ್ಪಿತ್ತರು. ಬಸವೇಶರ ಮುಖ ಬಾಡಿತು. ಕೈ ಹ್ಯಾಂಡಲಿನ ಮೇಲೆಯೇ ಉಳಿಯಿತು. ಅದನ್ನು ಕಂಡ ಶಿವರಾಜು ಸೀಟೆತ್ತಿ ಸ್ಪೀಕರ್ ತೋರಿಸಿ, "ನಾನೇ ಕಣ್ ಭಾವ, ಆ ಹೆಂಗ್ಸು" ಎಂದ. ಬೀದಿಗೆ ಬೀದಿಯೇ ನಕ್ಕಿತು.

೬. ಬಸವೇಶ್ ಕೀಲಿ ತಿರುಗಿಸಿದರು. ಪರದೆ ಬೆಳಗಿತು, ಅರ್ಧಕ್ಕಿಂತ ಹೆಚ್ಚು ಚಾರ್ಜು ಹಾಗೇ ಇತ್ತು. ಸುಳ್ಳಿರಬಹುದೆಂದು ಬೀದಿಯುದ್ದಕ್ಕೂ ಓಡಿಸಿ ಬಂದರು. "ಅವ್ವಾ! ನಿಂತ್ರೆ ಮಾರು ಅಂದೆ. ತಳ್ಬೇಡ ಅಂದಿದ್ಯಾ?" ಮೂಲ ಆದೇಶದಲ್ಲಿ ತಳ್ಳುವಿಕೆ ನಿಷೇಧವಾಗಿರದ ಕಾರಣ ಬೈಕನ್ನು ಉಳಿಸಿಕೊಳ್ಳಲು ಅನುಮತಿಸಲಾಗಿದೆ.

ಸಹಿ/-
(ಓದಲು ಬಾರದು)
ಪ್ರಭಾರ ಅಧೀಕ್ಷಕರು

ಪ್ರತಿಗಳು:
೧. ಶ್ರೀಮತಿ ರುದ್ರಮ್ಮ: ಮುಂದಿನ ಆದೇಶವನ್ನು ಸಂದಿಲ್ಲದಂತೆ ಹೊರಡಿಸಲು.
೨. ಶ್ರೀ ಶಿವರಾಜು: ವಾಪಸು ಹೋಗುವಾಗ ತಳ್ಳಲು.
೩. ಶ್ರೀ ಬಸವೇಶ್: ಬೀದಿಯವರೆಲ್ಲ ನಕ್ಕು ಸುಮ್ಮನಾದ ಮೇಲೂ ಜಗುಲಿ ಕಂಬ ತಬ್ಬಿಕೊಂಡು ಊರಿಗೇ ಕೇಳುವಂತೆ ಗಹಗಹಿಸುತ್ತಿದ್ದು, ಸ್ವೀಕೃತಿ ಸಹಿಗೆ ಕೈ ನಿಲ್ಲದ ಕಾರಣ ಪ್ರತಿಯನ್ನು ಅವರ ಜೇಬಿಗೆ ತುರುಕಲಾಗಿದೆ.