ನಾನು ಟೀ ಇಟ್ಟಾಗ ದೇವರು ಹೇಳಿದ್ದು, ಮನೆಯವರು ಅಂದಿದ್ದು

ದೇವರ ವಿಷಯ ನಾಲ್ಕು ಒಳ್ಳೆ ಮಾತಾಡೋಣ ಅಂತ ನಾನು ಬಾಯಿ ತೆರೆದಾಗೆಲ್ಲ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಹಿರಿಯೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು ನಾನು. ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಹಿರಿಯ ಅನ್ನಿಸಿಕೊಂಡಿದ್ದೇನೆ. ಹೋದ ವರ್ಷ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಅವತ್ತಿನಿಂದ ಅಡುಗೆಮನೆ ನನ್ನ ಪಾಲಿಗೆ ಬಂತು. ರಾತ್ರಿ ಹಗಲು ಪ್ರಾರ್ಥನೆ ಮಾಡಿದೆ. ಮೇಲಿನಿಂದ ಒಂದು ಉತ್ತರವಿಲ್ಲ. ನಾನು ಕುಗ್ಗಿದ್ದನ್ನು ನೋಡಿ ನಮ್ಮ ಸಭಾಪಾಲಕರು, ಅವರನ್ನು ನಾವು ಅಯ್ಯನವರು ಅನ್ನುತ್ತೇವೆ, ಒಂದು ಕೆಲಸ ಹಚ್ಚಿದರು.

"ದಿನಾ ಬೆಳಿಗ್ಗೆ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಸಣ್ಣ ಧ್ಯಾನ, ದೇವರ ವಿಷಯ ನಾಲ್ಕು ಮಾತು, ರೆಕಾರ್ಡ್ ಮಾಡಿ ಕಳಿಸ್ರಿ. ಮನೆಯಾಗೆ ಕಣ್ಣಿಗೆ ಬಿದ್ದುದ್ರಾಗೇ ದೇವರನ್ನ ಹುಡುಕ್ರಿ."

ನನ್ನ ಕಣ್ಣಿಗೆ ಬೀಳುತ್ತಿದ್ದುದು ಟೀ ಪಾತ್ರೆ ಒಂದೇ.

ಹಾಲೂ ಕಾಯುತ್ತದೆ

ಮೊದಲ ದಿನ ಹಾಲು ಒಲೆ ಮೇಲಿಟ್ಟು ಫೋನು ಬಾಯಿಯ ಹತ್ತಿರ ಹಿಡಿದೆ. "ಪ್ರಿಯರೇ, ಇಲ್ಲಿ ಹಾಲು ಕಾಯುತ್ತಾ ಐತೆ. ದೇವರ ಸಮಯಕ್ಕೆ ನಾವೂ ಹೀಗೇ ಕಾಯಬೇಕು. ಅವಸರ ಪಡಬಾರದು. ತಾಳ್ಮೆ..."

ತಾಳ್ಮೆಯ ಬಗ್ಗೆ ಹೇಳುತ್ತಾ ಹೇಳುತ್ತಾ ನನಗೇ ಕಣ್ಣು ತುಂಬಿ ಬಂತು. ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಚೊಯ್ ಅಂತ ಸದ್ದು.

"ಅಯ್ಯಯ್ಯೋ! ಹೋಯ್ತು, ಎಲ್ಲಾ ಹೋಯ್ತು! ಹಾಳಾಗ್ಹೋಗ್ಲಿ ಈ ಬಾಳು!"

ಒಲೆ ಆರಿಸುವ ಗಡಿಬಿಡಿಯಲ್ಲಿ ಬೆರಳು ಎಲ್ಲಿ ತಗುಲಿತೋ, ಎಲ್ಲವೂ ಗುಂಪಿಗೆ ಹೋಗಿಬಿಟ್ಟಿತ್ತು. ಒಲೆ ಒರೆಸಿ ಬಂದು ನೋಡುತ್ತೇನೆ, ಸಾಲುಸಾಲಾಗಿ 'ಆಮೆನ್'. ಅಷ್ಟು ಆಮೆನ್ ನನ್ನ ಯಾವ ಧ್ಯಾನಕ್ಕೂ ಮತ್ತೆ ಬರಲಿಲ್ಲ.

ಒಂದೇ ಮಾತು

ಕೆಲವು ವಾರಕ್ಕೆ ಹೆಂಡತಿಗೆ ಒಂದು ಮಾತು ವಾಪಸ್ ಬಂತು. ಒಂದೇ ಒಂದು: "ಸಾಕು." ಕೆಲವರಿಗೆ ಹೀಗೆ ಒಂದೇ ಪದ ಉಳಿದುಬಿಡುತ್ತದೆ ಅಂದರು ಡಾಕ್ಟರು. ಟೀ ಬೇಕಾ ಅಂದರೂ ಸಾಕು, ಬೇಡವಾ ಅಂದರೂ ಸಾಕು.

ಅಯ್ಯನವರು ಸಭೆಯ ಹೆಂಗಸರನ್ನು ಕರೆದುಕೊಂಡು ಮನೆಗೆ ಬಂದರು. ಅಯ್ಯನವರು ಪ್ರಾರ್ಥನೆಗೆ ನಿಂತರೆ ಬೈಬಲ್ಲಿನ ಬುಡದಿಂದ ಶುರು ಮಾಡುವವರು. ಲೋಕದ ಸೃಷ್ಟಿ ಮುಗಿಸಿ, ಜಲಪ್ರಳಯ ದಾಟಿ, ಕೆಂಪು ಸಮುದ್ರದ ಹತ್ತಿರ ಬಂದಿದ್ದರು. ಹಿರಿಯೂರು ಇನ್ನೂ ಬಹಳ ದೂರ ಇತ್ತು. ಇವಳು ಕಣ್ಣು ಮುಚ್ಚಿಕೊಂಡೇ, "ಸಾಕು" ಅಂದಳು.

ಅಯ್ಯನವರು ದಾಟಬೇಕಿದ್ದ ಜನರನ್ನು ಸಮುದ್ರದ ಈಚೆ ದಡದಲ್ಲೇ ಬಿಟ್ಟು ಆಮೆನ್ ಅಂದರು.

"ಅಕ್ಕನಿಗೆ ಎಂಥ ತೃಪ್ತಿ ನೋಡ್ರಿ!" ಅಂದರು ಹೆಂಗಸರು.

ಅವರು ಹೋದ ಮೇಲೆ ಅವಳ ಪಕ್ಕ ಕುಂತೆ. "ನಾನು ಮಾಡೋ ಟೀ ಚೆನ್ನಾಗೈತೇನೇ?"

"ಸಾಕು."

"ನನ್ನ ಮೇಲೆ ಸಿಟ್ಟೈತಾ?"

"ಸಾಕು."

"ಇನ್ನೂ ಎಷ್ಟು ದಿನ ನಮಗೆ ಈ ಕಷ್ಟ?"

"ಸಾಕು."

ಅದೊಂದಕ್ಕೆ ಮಾತ್ರ ಸರಿಯಾದ ಉತ್ತರ ಬಂದಿತ್ತು.

ಕುದ್ದ ಪುಡಿ

ಹೆಂಡತಿಯನ್ನು ತೋರಿಸೋಕೆ ಚಿತ್ರದುರ್ಗಕ್ಕೆ ಹೋಗಿದ್ದೆವು. "ಇನ್ನು ಹೆಚ್ಚು ಆಸೆ ಇಟ್ಕೋಬೇಡಿ" ಅಂದರು ಅಲ್ಲಿಯ ಡಾಕ್ಟರು. ಅವಳನ್ನು ಹೊಸದುರ್ಗದಿಂದ ಬಂದಿದ್ದ ಮಗಳ ಹತ್ತಿರ ಒಳಗೆ ಕೂರಿಸಿ, ನಾನೊಬ್ಬನೇ ಆಸ್ಪತ್ರೆ ಎದುರಿನ ಟೀ ಅಂಗಡಿಗೆ ಬಂದೆ. ಅಂಗಡಿಯ ಸಾಬರು ಬಿಳಿಗಡ್ಡದವರು. ನನ್ನ ಮುಖ ನೋಡಿ, "ಕುಂತ್ಕಳ್ರಿ ಅಣ್ಣ" ಅಂತ ಸ್ಟೂಲು ಎಳೆದು ಕೊಟ್ಟರು. ಟೀ ಕುದಿಯೋದು ನೋಡುತ್ತಾ ನನಗೆ ಒಂದು ಧ್ಯಾನ ಹೊಳೆಯಿತು.

"ಸಾಬ್ರೆ, ನಮ್ಮ ಸಭೇಲಿ ಇದನ್ನ ಹೇಳಬೇಕು. ಟೀಪುಡಿ ಡಬ್ಬಿಯಾಗೇ ಇದ್ರೆ ಅದರ ರುಚಿ ಯಾರಿಗೂ ಗೊತ್ತಾಗಲ್ಲ. ಕುದಿಯೋ ನೀರಿಗೆ ಬಿದ್ದಾಗಲೇ ಗೊತ್ತಾಗೋದು. ಮನುಷ್ಯನ ವಿಶ್ವಾಸಾನೂ ಅಷ್ಟೇ, ಕಷ್ಟಕ್ಕೆ ಬಿದ್ದಾಗಲೇ ಹೊರಗೆ ಬರೋದು."

ಸಾಬರು ತಲೆಯಾಡಿಸಿದರು. "ವಾಹ್, ಬಾಳ ದೊಡ್ಡ ಮಾತು" ಅಂದರು. ಟೀ ಸೋಸಿದರು. ಜಾಲರಿಯಲ್ಲಿ ಉಳಿದ ಪುಡಿಯನ್ನು ಪಕ್ಕದ ಬಕೆಟ್ಟಿಗೆ ಟಪ್ ಅಂತ ಬಡಿದರು. ನಾನು ಬಕೆಟ್ಟಿನೊಳಗೆ ನೋಡಿದೆ. ಅವರೂ ನೋಡಿದರು.

"ಇದನ್ನ ನಿಮ್ಮ ಸಭೇಲಿ ಹೇಳಬ್ಯಾಡ್ರಿ ಅಣ್ಣ" ಅಂದರು.

ಮೊಮ್ಮಗಳ ಪ್ರಾರ್ಥನೆ

ಹೊಸದುರ್ಗಕ್ಕೆ ಕೊಟ್ಟ ಮಗಳು ರಜೆಗೆ ತನ್ನ ಹುಡುಗಿಯನ್ನು ಕರೆದುಕೊಂಡು ಬಂದಳು. ಸಂಜೆ ಕುಟುಂಬ ಪ್ರಾರ್ಥನೆಗೆ ಎಲ್ಲರೂ ಚಾಪೆ ಮೇಲೆ ಕುಂತೆವು. ನಾನು ಶುರು ಮಾಡಿದೆ. ಹಾಲು ಅಂದರೆ ತಾಯಿ, ನೀರು ಅಂದರೆ ತಂದೆ, ಒಮ್ಮೆ ಬೆರೆತ ಮೇಲೆ ಬೇರೆ ಮಾಡೋಕಾಗಲ್ಲ, ಹಾಗೇ ಕುಟುಂಬ. ಶುಂಠಿಗೆ ಯಾರನ್ನು ಹೋಲಿಸೋದು ಅಂತ ಯೋಚಿಸುವಷ್ಟರಲ್ಲಿ ಲೋಟದಲ್ಲಿದ್ದ ಟೀ ತಣ್ಣಗಾಗಿ ಕೆನೆ ಕಟ್ಟಿತ್ತು. ಕೊನೆಗೆ ಮೊಮ್ಮಗಳಿಗೆ, "ನೀನೊಂದು ಪ್ರಾರ್ಥನೆ ಮಾಡವ್ವ" ಅಂದೆ.

ಅವಳು ಕೈ ಜೋಡಿಸಿದಳು. "ಯೇಸಪ್ಪ, ಅಜ್ಜಿಗೆ ಮಾತು ಕೊಡಪ್ಪ. ಆಗಲ್ಲಾಂದ್ರೆ ತಾತನ ಮಾತಾದ್ರೂ ನಿಲ್ಸಪ್ಪ. ಆಮೆನ್."

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು; ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಗೋಡೆಗೆ ಒರಗಿದ್ದ ಹೆಂಡತಿಯ ಬಾಯಿ ಒಂದು ಕಡೆಗೆ ಮೇಲೆದ್ದಿತು. ಲಕ್ವ ಹೊಡೆದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮಾರನೆಯ ದಿನ ನನಗೆ ಶೀತವಾಗಿ ಗಂಟಲು ಕಟ್ಟಿ ಧ್ವನಿಯೇ ಹೊರಡಲಿಲ್ಲ. ದೇವರು ಆ ಪ್ರಾರ್ಥನೆಯ ಎರಡನೇ ಭಾಗವನ್ನಷ್ಟೇ ಕೇಳಿಸಿಕೊಂಡಿದ್ದ.

ಕಣ್ಣೀರಿನ ರುಚಿ

ಮಗಳು ಊರಿಗೆ ಹೋದಳು. ಇನ್ನು ಈ ಧ್ಯಾನ ಗೀನ ನನ್ನ ಕೈಲಾಗಲ್ಲ ಅಂತ ಅಯ್ಯನವರಿಗೆ ಹೇಳಿಬಿಟ್ಟೆ. ಆ ಭಾನುವಾರ ಆರಾಧನೆ ಮುಗಿದ ಮೇಲೆ ಅವರು ಸಭೆಯ ಹಿರಿಯರನ್ನೆಲ್ಲ ಕರೆದುಕೊಂಡು ಮನೆಗೇ ಬಂದರು, ನನಗೆ ಧೈರ್ಯ ಹೇಳೋಕೆ. ಎಲ್ಲರಿಗೂ ಟೀ ಮಾಡಿ ಕೊಟ್ಟೆ.

ಅಯ್ಯನವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅವರನ್ನು ನೋಡಿ ಉಳಿದವರೂ ಕುಡಿದರು. ಒಬ್ಬೊಬ್ಬರೇ ಲೋಟದೊಳಗೆ ನೋಡಿದರು. ಹೊಳಲ್ಕೆರೆ ಕಡೆಯ ಒಬ್ಬ ಹಿರಿಯರು, "ಟೀ ಬಾಳ... ಗಟ್ಟಿ ಐತೆ" ಅಂದರು.

ಅಯ್ಯನವರು ನಿಧಾನಕ್ಕೆ ಕಣ್ಣು ತೆರೆದರು. "ಈ ಮನೆ ಟೀಯಾಗೂ ನಮ್ಮ ಅಣ್ಣಾರ ಕಣ್ಣೀರಿನ ರುಚಿ ಐತೆ. ಒಂದು ಹನೀನೂ ದೇವರು ಮರೆಯಲ್ಲ" ಅಂದರು.

ಎಲ್ಲರೂ ಕರ್ಚೀಫು ತೆಗೆದರು. ನನಗೂ ದುಃಖ ಒತ್ತರಿಸಿ ಬಂತು. ನಾನಿನ್ನೂ ಕುಡಿದಿರಲಿಲ್ಲ. ಕಣ್ಣೊರೆಸಿಕೊಂಡು ಲೋಟವನ್ನು ಹೆಂಡತಿಯ ತುಟಿಗೆ ಹಿಡಿದೆ.

ಅವಳು ಪುರ್ ಅಂತ ನನ್ನ ಅಂಗಿ ಮೇಲೆಲ್ಲ ಉಗಿದಳು. "ಥೂ! ಉಪ್ಪು!"

ಆಮೇಲೆ, "ಸ್ತೋತ್ರ! ಸ್ತೋತ್ರ!" ಅಂತ ಮನೆ ಹಾರಿಹೋಗುವಂತೆ ಕೂಗು. ಅಯ್ಯನವರು ಎಲ್ಲರಿಗಿಂತ ಮೊದಲು ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಆಮೇಲೆ ಕೈ ಮೇಲೆತ್ತಿ ದೇವರನ್ನು ಕೊಂಡಾಡಿದರು. ಅಡುಗೆಮನೆಗೆ ಓಡಿ ನೋಡಿದೆ. ಸಕ್ಕರೆ ಅಂದುಕೊಂಡು ನಾನು ಕೈ ಹಾಕಿದ್ದು ಪುಡಿ ಉಪ್ಪಿನ ಡಬ್ಬಿಗೆ.

ಆದರೆ ಮಾರನೆಯ ದಿನ ಅವಳು 'ಸಾಕು' ಬಿಟ್ಟರೆ ಮತ್ತೇನೂ ಮಾತಾಡಲಿಲ್ಲ. ಆ ವಾರ ಪೂರ್ತಿ ಇಲ್ಲ. ಬಂದ ಮಾತೂ ಹೋಯಿತಲ್ಲ ಅಂದುಕೊಂಡೆ. ಏನಾದರಾಗಲಿ ಅಂತ ಒಂದು ಬೆಳಿಗ್ಗೆ ಬೇಕಂತಲೇ ಚಮಚ ತುಂಬ ಉಪ್ಪು ಹಾಕಿ ಟೀ ಮಾಡಿ, ಅವಳ ಮುಂದೆ ಹಿಡಿದು, ಉಸಿರು ಬಿಗಿಹಿಡಿದು ಕುಂತೆ.

ಅವಳು ಒಂದು ಗುಟುಕು ಕುಡಿದಳು. ನುಂಗಿದಳು. ನನ್ನ ಮುಖವನ್ನೇ ನೋಡಿದಳು. ಎಡಗೈಯಲ್ಲಿ ಲೋಟವನ್ನು ನನ್ನ ಕಡೆಗೆ ತಳ್ಳಿ, ಒಂದೊಂದೇ ಅಕ್ಷರ ಎಳೆದು ತಂದು, "ನೀವೇ... ಕುಡೀರಿ" ಅಂದಳು.

ಕುಡಿದೆ. ತಳದವರೆಗೂ ಕುಡಿದೆ.