ಭಾವನ ಕಾಡತೂಸು ಕಾರ್ಖಾನೆ

ಶನಿವಾರ ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಸರಿಯಾಗಿ ನನ್ನ ನಿದ್ದೆ ಹಾಳಾಯಿತು. ಆ ಹೊತ್ತಿನಲ್ಲಿ ಯಾರು ಮಲಗಿರುತ್ತಾರೆ ಎಂದು ಕೇಳಬೇಡಿ. ಹಾಳಾದದ್ದು ಮುಂದಿನ ಆರು ರಾತ್ರಿಗಳ ನಿದ್ದೆ. ಗಳಿಗೆ ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಕಾರಣ ನಮ್ಮ ಭಾವ ರಘುನಂದನ. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಅದು ಮುಗಿಯುವವರೆಗೆ ಅವರು ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕನ್ನು ಮೇಜಿನ ಮೇಲೆ ಮಲಗಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕಾದು ಕುಳಿತಿದ್ದರು. ಯಾಕೆ ತಡ ಎಂದು ಅವರ ಗುರು ಹೆಂಕ್ ಕೇಳಿದ್ದಕ್ಕೆ, ಗಾಳಿ ನಿಲ್ಲಲಿ ಅಂತ ಎಂದು ಸುಳ್ಳು ಹೇಳಿದರು. ಈ ದೇಶದಲ್ಲಿ ಗಾಳಿ ನಿಲ್ಲುವುದೇ? ಒಂದು ದಿನ ನಿಂತರೆ ಇಲ್ಲಿಯ ಜನ ಪುರಸಭೆಗೆ ದೂರು ಕೊಟ್ಟಾರು. ಅಂತೂ ಹತ್ತೂವರೆ ಆಯಿತು, ರಾಹು ತೊಲಗಿದ, ಭಾವ ಬಂದೂಕು ಎತ್ತಿಕೊಂಡರು. ಹನ್ನೆರಡು ನಿಮಿಷದ ನಂತರ ನಡೆದದ್ದಕ್ಕೆ ಪಾಪ, ರಾಹುವನ್ನು ದೂರುವ ಹಾಗಿಲ್ಲ.

ಭಾವ ಯಾರು, ಬಂದೂಕು ಯಾಕೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮಕ್ಕನ ಗಂಡ, ಮೈಸೂರಿನವರು, ಹದಿನಾಲ್ಕು ವರ್ಷದಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಬೈಟನ್‌ವೆಲ್ಡರ್ಟ್ ಎಂಬ ಬಡಾವಣೆಯ ಸಾಲುಮನೆಯೊಂದರಲ್ಲಿ ವಾಸ. ಮೊಟ್ಟೆ ಹಾಕಿದ ಕೇಕು ಕೂಡ ಮುಟ್ಟದ ಮನುಷ್ಯ. ಈರುಳ್ಳಿಯನ್ನು ಏಕಾದಶಿಯ ದಿನ ದೂರದಿಂದ ನೋಡುವವರು. ಇಂಥವರು ಒಂದು ಚಳಿಗಾಲ ಪಕ್ಕದ ಮನೆಯ ಹೆಂಕ್ ಎಂಬ ನಿವೃತ್ತ ಮೇಷ್ಟರ ಜೊತೆ ಕಾಡಿಗೆ ಹೋಗಿ ಬಂದರು. ಬರುವಾಗ ಶೂಸಿನ ತುಂಬ ಕೆಸರು, ಬಾಯಿ ತುಂಬ ಪರಿಸರ ವಿಜ್ಞಾನ. "ಬೇಟೆ ಅಲ್ಲ ಸುಧಾ, ಇದು ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟು. ಇಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ. ಜಿಂಕೆ ಸಂಖ್ಯೆ ಜಾಸ್ತಿಯಾದ್ರೆ ಯಾರು ನೋಡ್ಬೇಕು?" ಎಂದು ನನಗೆ ಪಾಠ ಹೇಳಿದರು. ಹುಲಿಯ ಖಾಲಿ ಹುದ್ದೆಗೆ ಅರ್ಜಿ ಹಾಕಿದ ಮೊದಲ ಪುಳಿಚಾರು ಭಾವ ಇವರೇ ಇರಬೇಕು. ಒಂದು ವರ್ಷ ತರಗತಿಗೆ ಹೋದರು, ಡಚ್ ಭಾಷೆಯಲ್ಲಿ ಪರೀಕ್ಷೆ ಬರೆದರು, ಲೈಸೆನ್ಸ್ ಪಡೆದರು. ಪೊಲೀಸರು ಮನೆಗೆ ಬಂದು ಬಂದೂಕಿನ ಕಬ್ಬಿಣದ ಬೀರುವನ್ನು ಅಲ್ಲಾಡಿಸಿ ನೋಡಿ ಹೋದರು. ಇಷ್ಟೆಲ್ಲ ಆಗಿ ಭಾವ ಹೊಡೆದ ಜಿಂಕೆಗಳ ಸಂಖ್ಯೆ ಒಂದು. ಅದರ ಮಾಂಸವನ್ನು ಹೆಂಕ್ ತಿಂದರು. ಭಾವ ಆ ಸಂಜೆ ಸ್ನಾನ ಮಾಡಿ, ಜನಿವಾರ ಬದಲಿಸಿ, ಮೊಸರನ್ನ ತಿಂದು ಮಲಗಿದರು.

ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅಂಗಡಿಯ ಕಾಡತೂಸು ಅವರಿಗೆ ಹಿಡಿಸಲಿಲ್ಲ. ಹೆಂಕ್ ತಮ್ಮ ಕಾಡತೂಸುಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಭಾವನೂ ಅದಕ್ಕೆ ಬೇಕಾದ ಪರವಾನಗಿ ತಂದು, ಹಿತ್ತಲಿನ ಇಟ್ಟಿಗೆ ಶೆಡ್ಡಿನಲ್ಲಿ ಕಾರ್ಖಾನೆ ತೆರೆದರು. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸನ್ನು, ಅಂದರೆ ಖಾಲಿ ಕವಚವನ್ನು, ತೊಳೆದು, ಒತ್ತುವ ಯಂತ್ರದಲ್ಲಿ ಹಾಕಿ ಮೊದಲಿನ ಆಕಾರಕ್ಕೆ ತಂದು, ಕೆಳಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ ಕೂರಿಸಿ, ಒಳಗೆ ಮದ್ದು ತೂಗಿ ಸುರಿದು, ಮೇಲೆ ಗುಂಡು ಸಿಕ್ಕಿಸುವುದು. ನಮ್ಮ ಕಿರುಬೆರಳಿಗಿಂತ ಸಣ್ಣ ಸಾಮಾನು. "ಅಂಗಡಿ ಕಾರ್ಟ್ರಿಜ್ ಅಂದ್ರೆ ಪ್ಯಾಕೆಟ್ ಸಾಂಬಾರ್ ಪುಡಿ ಇದ್ದ ಹಾಗೆ. ಎಲ್ಲರಿಗೂ ಒಂದೇ ರುಚಿ. ಮನೆಯಲ್ಲಿ ಮಾಡಿದ್ದೇ ಬೇರೆ," ಎಂದು ಭಾವ ವಿವರಿಸಿದರು. ಅಕ್ಕ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದು, "ಮದುವೆಯಾಗಿ ಹದಿನೇಳು ವರ್ಷ ಆಯ್ತು, ಒಂದು ದಿನ ಹಾಲು ಉಕ್ಕದ ಹಾಗೆ ಕಾಯಿಸಿಲ್ಲ ಇವ್ರು. ಈಗ ಮದ್ದು ಅಳೀತಾರಂತೆ ಮದ್ದು!" ಎಂದಳು. ನಾನು ಅಕ್ಕನ ಪಕ್ಷ. ಹೋಳಿಗೆಗೆ ಹೂರಣ ಎಷ್ಟು ತುಂಬಿದರೆ ಒಡೆಯುತ್ತದೆಂದು ತಿಳಿಯದವರ ಕೈಗೆ ಹಿತ್ತಾಳೆಯ ಹೋಳಿಗೆ ಕೊಟ್ಟಂತಾಗಿತ್ತು.

ಇನ್ನು ನನ್ನ ವಿಷಯ. ನಾನು ನೂರ್ಡ್‌ವೈಕ್ ಎಂಬ ಊರಿನ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಉಪಗ್ರಹದ ಬಿಡಿಭಾಗಗಳ ತೂಕದ ಪಟ್ಟಿ ಇಡುವುದು ನನ್ನ ಉದ್ಯೋಗ. ಒಂದು ತಿರುಪು ಹೆಚ್ಚಾದರೆ ನನಗೆ ಹೇಳಬೇಕು, ಒಂದು ತಂತಿ ಉದ್ದವಾದರೆ ನನ್ನ ಸಹಿ ಬೇಕು. ಎಂಜಿನಿಯರುಗಳು ನನ್ನನ್ನು ಕಂಡರೆ ಹೆದರುತ್ತಾರೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಭಾವ ತಮ್ಮ ಕಪ್ಪು ತಕ್ಕಡಿ ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಒಂದು ಕಡೆ ಪುಟ್ಟ ಬಟ್ಟಲು, ನಡುವೆ ಆಧಾರ, ಇನ್ನೊಂದು ಕಡೆಗೆ ಚಾಚಿದ ಸಣ್ಣ ಕಡ್ಡಿಯ ಮೇಲೆ ಜಾರುವ ತೂಕ. ಕಡ್ಡಿ ಸಮನಾಗಿ ನಿಲ್ಲುವವರೆಗೆ ಬಟ್ಟಲಿಗೆ ಚಿಟಿಕೆ ಚಿಟಿಕೆಯಾಗಿ ಮದ್ದು ಉದುರಿಸುವುದು. "ಭಾವ, ನಮ್ಮಲ್ಲಿ ಬಳಿಯೋ ಬಣ್ಣಕ್ಕೂ ತೂಕ ಬರೀತೀವಿ. ನೀವು ಇದ್ಯಾವ ಬೆಲ್ಲದ ಅಂಗಡಿ ತಕ್ಕಡಿ ಇಟ್ಕೊಂಡಿದ್ದೀರಿ?" ಎಂದೆ. ಭಾವ ನೊಂದುಕೊಂಡು, "ಕೇಸು ಚಿಕ್ಕದು ಕಣಮ್ಮ. ಒಂದು ಅಕ್ಕಿಕಾಳಿನ ತೂಕ ಹೆಚ್ಚುಕಮ್ಮಿ ಆದ್ರೂ ಪ್ರೆಷರ್ ಬದಲಾಗುತ್ತೆ. ಈ ತಕ್ಕಡಿ ಅದನ್ನೂ ತೋರಿಸುತ್ತೆ," ಎಂದರು. ಬಣ್ಣಕ್ಕೂ ತೂಕವಿದೆ ಎಂದ ನನ್ನ ಮಾತನ್ನು, ಅಕ್ಕಿಕಾಳು ಎಂದ ಅವರ ಮಾತನ್ನು ನೀವು ಮರೆಯಬೇಡಿ. ನಾನು ಮರೆತೆ.

ಆಯುಧಪೂಜೆ ಬುಧವಾರ ಬಂತು. ನಾನು ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಭಾವ ಬೆಳಗ್ಗೆಯೇ ಶೆಡ್ಡು ಗುಡಿಸಿ, ಯಂತ್ರ ಒರೆಸಿ, ತಕ್ಕಡಿಯನ್ನು ಸೊನ್ನೆಗೆ ಹೊಂದಿಸಿ, ಮದ್ದಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕರ್ಪೂರ ಮಾತ್ರ ಶೆಡ್ಡಿನ ಹತ್ತಿರ ಸುಳಿಯಕೂಡದು ಎಂದು ನಾನು ಗದರಿಸಿದೆ. ಮಂಗಳಾರತಿ ಅಡುಗೆಮನೆಯಲ್ಲೇ ಮುಗಿಯಿತು. ನನ್ನ ಮುಂಜಾಗ್ರತೆಯನ್ನು ಅಕ್ಕ ಹೊಗಳಿದಳು. ಆಮೇಲೆ, "ಸುಧಾ, ಕೋಸಂಬರಿ ಕಲಸ್ತಾ ಇದ್ದೀನಿ, ನೀನೇ ಎಲ್ಲದಕ್ಕೂ ಗಂಧ ಕುಂಕುಮ ಇಟ್ಟು ಬಾರೆ," ಎಂದಳು. ಕಾರಿಗೆ ಇಟ್ಟೆ, ಮೂರು ಸೈಕಲ್ಲಿಗೆ ಇಟ್ಟೆ, ಮಿಕ್ಸಿಗೆ, ನನ್ನ ಆಫೀಸಿನ ಲ್ಯಾಪ್‌ಟಾಪಿಗೆ ಇಟ್ಟೆ. ಭಾವ ಶೆಡ್ಡಿನ ಬಾಗಿಲಲ್ಲಿ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ಅವರ ಕಣ್ಣೆದುರೇ ಯಂತ್ರಕ್ಕೂ ತಕ್ಕಡಿಗೂ ಇಟ್ಟೆ. ಒಳ್ಳೆ ಧಾರಾಳವಾಗಿ ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಎರಡು ಕಾಳು ಅಕ್ಷತೆ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ತಕ್ಕಡಿಯನ್ನೂ ಬಿಟ್ಟಿಲ್ಲ ನನ್ನ ಮಗಳು" ಎಂದು ಅಮ್ಮ ಅದನ್ನು ಇಡೀ ಬಂಧುಬಳಗದ ಗುಂಪಿಗೆ ಹಾಕಿದಳು.

ಪೂಜೆಯಾದ ಆಯುಧಕ್ಕೆ ಆ ದಿನ ವಿಶ್ರಾಂತಿ. ಮರುದಿನ ವಿಜಯದಶಮಿ, ಹೊಸ ಕೆಲಸ ಶುರುಮಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಭಾವ ಬೆಳಗ್ಗೆ ಮಡಿಯುಟ್ಟು ಶೆಡ್ಡಿಗೆ ಹೋಗಿ, ಇಪ್ಪತ್ತು ಕಾಡತೂಸು ತುಂಬಿ ಬಂದರು. ಕೆಲಸ ಆರಂಭಿಸುವ ಮುಂಚೆ ತಕ್ಕಡಿಯ ಸೊನ್ನೆ ನೋಡಬೇಕೆಂಬುದು ಹೆಂಕ್ ಕಲಿಸಿದ ಮೊದಲ ಪಾಠವಂತೆ. ಭಾವ ನೋಡಲಿಲ್ಲ. ನಿನ್ನೆ ತಾನೇ ಹೊಂದಿಸಿದ್ದು, ಪೂಜೆಯಾದ ಮೇಲೆ ಯಾರೂ ಮುಟ್ಟಿಲ್ಲ, ಪೂಜೆ ಮಾಡಿದ್ದನ್ನು ಒರೆಸಿ ತಿರುಚಿ ಕದಲಿಸುವುದು ಸರಿಯಲ್ಲ. ಹೀಗೆ ತೀರ್ಮಾನಿಸುವ ಮನುಷ್ಯ ಹಾಲೆಂಡಿನ ಬೇಟೆಗಾರರಲ್ಲಿ ಮತ್ತೊಬ್ಬನಿರಲಾರ.

ಶನಿವಾರ ಅವುಗಳ ಪರೀಕ್ಷೆ. ನಾನು ಹೋದದ್ದು ಅಕ್ಕ ಕೊಟ್ಟ ಚಿತ್ರಾನ್ನದ ಡಬ್ಬಿ ಹೊರಲು, ಮತ್ತು ನಿಜ ಹೇಳಬೇಕೆಂದರೆ, ಭಾವ ಗುರಿ ತಪ್ಪುವುದನ್ನು ನೋಡಲು. ಅವರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ, ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು, ಡಬ್ಬಿಯನ್ನು ಎದೆಗೆ ಅವಚಿಕೊಂಡು ಕುಳಿತೆ. ಮೊದಲ ಗುಂಡು ಹಾರಿತು. ಕೇಸನ್ನು ಹೊರಗೆಳೆಯುವ ಬೋಲ್ಟು ಸ್ವಲ್ಪ ಬಿಗಿಯಾಯಿತು. ಎರಡನೆಯದಕ್ಕೆ ಇನ್ನೂ ಬಿಗಿ. ಹೆಂಕ್ ಮುಂದೆ ಬಾಗಿ, ನಿಲ್ಲಿಸು, ಇದು ಸರಿಯಿಲ್ಲ ಎಂದರು. ಭಾವ, ಇನ್ನೊಂದೇ ಒಂದು ಎಂದರು. ಮದುವೆ ಮನೆಯಲ್ಲಿ ಜಿಲೇಬಿ ಬಡಿಸುವವರ ದನಿಯಲ್ಲಿ, ತಮಗೆ ತಾವೇ ಬಡಿಸಿಕೊಂಡರು.

ಮೂರನೆಯದರ ಸದ್ದು ಬೇರೆ. 'ಢಂ' ಎನ್ನುವ ಕಡೆ 'ಟಪ್' ಎಂದು ಒಡೆದ ಹಾಗೆ, ಜೊತೆಗೆ ಕುಕ್ಕರಿನ ವಾಲ್ವು ಹಾರಿದ ಹಾಗೆ ಬುಸ್ಸೆಂಬ ಹೊಗೆ, ಅದು ಬರಬಾರದ ಕಡೆಯಿಂದ, ಅಂದರೆ ಭಾವನ ಮುಖದ ಕಡೆಯಿಂದ. ಅವರ ಟೋಪಿ ಹಿಂದಕ್ಕೆ ಹಾರಿತು. ಏನೋ ಬಂದು ನನ್ನ ಚಿತ್ರಾನ್ನದ ಡಬ್ಬಿಗೆ 'ಟಿಂಗ್' ಎಂದು ಬಡಿಯಿತು. ಭಾವ ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಅಲ್ಲೇ ಕುಸಿದರು. ನಾನು ಕೂಗಿದೆನಂತೆ, ಏನೆಂದು ಕೂಗಿದೆನೋ ನೆನಪಿಲ್ಲ. ಭಾವನ ಕೈಗಳನ್ನು ಹೆಂಕ್ ಬಿಡಿಸುವವರೆಗಿನ ಆ ಐದಾರು ಸೆಕೆಂಡುಗಳನ್ನು ನಾನು ಈಗಲೂ ಪಾತ್ರೆ ತೊಳೆಯುವಾಗ, ಟ್ರಾಮಿನಲ್ಲಿ ನಿಂತಾಗ, ಮೊದಲಿನಿಂದ ಕೊನೆಯವರೆಗೆ ನೋಡುತ್ತೇನೆ. ಪ್ರತಿಸಲವೂ ಕೈ ಬಿಡಿಸಿದಾಗ ಅಲ್ಲಿ ಕಣ್ಣು ಇರುವುದಿಲ್ಲ. ಆದರೆ ಅಂದು ಇತ್ತು, ಎರಡೂ ಇದ್ದವು. ಹೆಂಕ್ ಬಲವಂತವಾಗಿ ಹಾಕಿಸಿದ್ದ ಕನ್ನಡಕದ ಗಾಜು ಮಸಿ ಹಿಡಿದು ಗೀಚಿಹೋಗಿತ್ತು. ಕೆನ್ನೆಯಲ್ಲಿ ಎರಡು ಕಡೆ ರಕ್ತ. ಭಾವ ಮೊದಲು ಕೇಳಿದ ಮಾತು: "ಗುರಿಗೆ ಬಿತ್ತಾ?"

ಬೋಲ್ಟನ್ನು ಹೆಂಕ್ ಮರದ ಸುತ್ತಿಗೆಯಿಂದ ಬಡಿದು ತೆಗೆದರು. ಮದ್ದು ಹೆಚ್ಚಾಗಿದೆ, ತಕ್ಕಡಿ ನೋಡು ಎಂದರು. ಭಾವ ಒಪ್ಪಲಿಲ್ಲ. ಮನೆಗೆ ಬಂದು ಕೆನ್ನೆಗೆ ಪ್ಲಾಸ್ಟರ್ ಹಚ್ಚಿಕೊಳ್ಳುತ್ತ, "ಕೇಸು ಹಳೇದು, ಅಷ್ಟೇ. ಅದೊಂದು ಕೆಟ್ಟದ್ದು ಅಂತ ಉಳಿದ ಹದಿನೇಳೂ ಕೆಡುತ್ತಾ? ಬೋಲ್ಟ್ ಚೆಕ್ ಮಾಡ್ಸಿ, ಬರೋ ಶನಿವಾರ ಅವನ್ನೂ ಹಾರಿಸಿ ಮುಗಿಸಿಬಿಡ್ತೀನಿ," ಎಂದರು. ಅಕ್ಕ ಅಳುತ್ತಲೇ ಬೈದಳು, ಬೈಯುತ್ತಲೇ ಹುಳಿ ಬಡಿಸಿದಳು. ನಾನೂ ಬೈದೆ. ನಿಮ್ಮಂಥವರಿಗೆ ಪರವಾನಗಿ ಕೊಟ್ಟವರನ್ನು ಹಿಡಿದು ಒಳಗೆ ಹಾಕಬೇಕು, ಕೈಯಳತೆಯ ಜನ ನೀವು, ನಿಖರತೆ ಅಂದರೇನೆಂದು ನನ್ನ ಆಫೀಸಿಗೆ ಬಂದು ನೋಡಿ ಎಂದೆಲ್ಲ ಸುಮಾರು ಅರ್ಧ ಗಂಟೆ. ಮಾತು ಚೆನ್ನಾಗಿ ಬರುತ್ತಿತ್ತು.

ಭಾನುವಾರ ಅಮ್ಮ ಫೋನು ಮಾಡಿದಳು. ಭಾವನ ಕೆನ್ನೆಯ ಸುದ್ದಿ ಅವಳಿಗೆ ಹೇಳಿರಲಿಲ್ಲ. "ಆ ಫೋಟೋನ ನಿಮ್ಮ ದೊಡ್ಡಮ್ಮ ಎಷ್ಟು ಹೊಗಳಿದ್ರು ಗೊತ್ತಾ? ಆ ಕಪ್ಪು ಕಡ್ಡಿ ತುದೀಲಿ ಕುಂಕುಮ ಎಷ್ಟು ಲಕ್ಷಣವಾಗಿ ಕಾಣುತ್ತೆ ಅಂದ್ರು," ಎಂದಳು. ನಾನು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಲಕ್ಷಣವಾಗಿಯೇ ಇತ್ತು. ತಕ್ಕಡಿಯ ಬುಡಕ್ಕೆ ಇಡಬಹುದಾಗಿದ್ದ ಗಂಧವನ್ನು ನಾನು ಕಡ್ಡಿಯ ತುದಿಗೆ, ಮದ್ದಿನ ಬಟ್ಟಲಿಗೆ ಸರಿಯಾಗಿ ಎದುರು ಕಡೆಗೆ ಇಟ್ಟಿದ್ದೆ. ಬುಡಕ್ಕೆ ಇಟ್ಟಿದ್ದರೆ ಫೋಟೋದಲ್ಲಿ ಕಾಣುತ್ತಿರಲಿಲ್ಲ, ಅದಕ್ಕೆ. ಆ ಕಡೆ ಭಾರ ಹೆಚ್ಚಾದರೆ ಈ ಕಡೆ ಕಡ್ಡಿ ಸಮನಾಗಲು ಮದ್ದು ಹೆಚ್ಚು ಬೇಕು. ಇದನ್ನು ತಿಳಿಯಲು ಉಪಗ್ರಹದ ಕಂಪನಿ ಬೇಡ, ತರಕಾರಿ ಮಾರುವವರು ಸಾಕು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹಿಂದಿನ ದಿನ ಅರ್ಧ ಗಂಟೆ ಅಷ್ಟು ಚೆನ್ನಾಗಿ ಬೈದವಳು ಮರುದಿನವೇ ಹೇಗೆ ಹೇಳುವುದು? ಚಳಿ ಜ್ವರದ ನೆಪ ಹೇಳಿ ಅಕ್ಕನ ಮನೆಯಲ್ಲೇ ಉಳಿದು, ಅಲ್ಲಿಂದಲೇ ಆಫೀಸಿನ ಕೆಲಸ ಮಾಡಿದೆ. ಸೋಮವಾರ ಹೆಂಕ್ ಮಾತನ್ನು ನೆನಪಿಸಿದೆ: "ಭಾವ, ಒಂದ್ಸಲ ತಕ್ಕಡಿ ನೋಡಬಾರದಾ?" "ಬೆಲ್ಲದ ಅಂಗಡಿ ತಕ್ಕಡಿ ಅಂದವಳಿಗೆ ಈಗೇನು ಅಕ್ಕರೆ?" ಎಂದರು. ಮಂಗಳವಾರ ಬಂದೂಕನ್ನೇ ಮಾರಿಬಿಡಿ ಎಂದೆ. ಬುಧವಾರ ಜಿಂಕೆಗಳ ಪರವಾಗಿ ಭಾಷಣ ಮಾಡಿದೆ. ಗುರುವಾರ ಶೆಡ್ಡಿನ ಬೀಗದ ಕೈ ಹುಡುಕಿದೆ. ಅದು ಭಾವನ ಸೊಂಟದಲ್ಲಿತ್ತು. ಈ ನಡುವೆ ಭಾವ ಮಾತ್ರ ಕೆನ್ನೆಗೆ ಪ್ಲಾಸ್ಟರ್ ಹಚ್ಚಿಕೊಂಡು ದಿನಾ ಸೊಗಸಾಗಿ ಗೊರಕೆ ಹೊಡೆದರು. ಇಬ್ಬರಲ್ಲಿ ಶಾಂತವಾಗಿ ಮಲಗುವವನು ಯಾವಾಗಲೂ ಏನೂ ತಿಳಿಯದವನೇ.

ಶುಕ್ರವಾರ ಸಂಜೆ ಭಾವ ಮಾರನೆಯ ದಿನಕ್ಕೆಂದು ಹದಿನೇಳು ಕಾಡತೂಸುಗಳ ಪೆಟ್ಟಿಗೆಯನ್ನು ಹೊರಗೆ ತೆಗೆದರು. ಹೆಂಕ್ ಕೂಡ ರಿಪೇರಿಯಾದ ಬೋಲ್ಟು ಹಿಡಿದುಕೊಂಡು ಬಂದಿದ್ದರು. ಗೀಚಿಹೋದ ಆ ಹಳೆಯ ಕನ್ನಡಕವನ್ನೇ ಭಾವ ಬಟ್ಟೆಯಿಂದ ಒರೆಸುತ್ತಿದ್ದರು. ಅದನ್ನು ನೋಡಿ ನನ್ನ ಬಾಯಿ ತಾನಾಗಿ ತೆರೆಯಿತು. "ಭಾವ, ತಕ್ಕಡಿಗೆ ಕುಂಕುಮ ಇಟ್ಟಿದ್ದು ನಾನು."

"ಗೊತ್ತು. ನಾನೇ ನೋಡ್ತಾ ಇದ್ನಲ್ಲ."

"ತುದಿಗೆ ಇಟ್ಟೆ ಭಾವ. ಅಕ್ಷತೆ ಸಮೇತ."

ಭಾವ ಒರೆಸುವುದನ್ನು ನಿಲ್ಲಿಸಿದರು. ಏನು ವಿಷಯ ಎಂದು ಹೆಂಕ್ ಕೇಳಿದರು. ಹಬ್ಬ, ಗಂಧ, ಅಕ್ಷತೆ ಎಲ್ಲವನ್ನೂ ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ನನ್ನ ಇಡೀ ಉದ್ಯೋಗದಲ್ಲಿ ಅಷ್ಟು ಕಷ್ಟದ ವರದಿ ಕೊಟ್ಟಿರಲಿಲ್ಲ. ಆ ಮುದುಕ ನಗಲಿಲ್ಲ. ಶೆಡ್ಡಿಗೆ ಹೋಗಿ, ಖಾಲಿ ಬಟ್ಟಲಿಟ್ಟು, ತೂಕವನ್ನು ಸೊನ್ನೆಗೆ ಜಾರಿಸಿದರು. ಕಡ್ಡಿ ಕುಂಕುಮದ ಕಡೆಗೆ ವಾಲಿ ನಿಂತಿತು. ಒಣಗಿದ ಗಂಧವನ್ನು ಉಗುರಿನಿಂದ ಕೆರೆದು ತೆಗೆದರು. ಕಡ್ಡಿ ಮೆಲ್ಲಗೆ ಎದ್ದು ಸಮನಾಯಿತು. ಭಾವ, ಬೈಗುಳಕ್ಕಿಂತ ಕೆಟ್ಟ ಮೆಲುದನಿಯಲ್ಲಿ, "ಬಣ್ಣಕ್ಕೂ ತೂಕ ಬರೀತೀವಿ ಅಂದಿದ್ದೆ ಅಲ್ವಾ ಸುಧಾ?" ಎಂದರು. ಕಾಡತೂಸಿನ ಪೆಟ್ಟಿಗೆಯನ್ನು ಹೆಂಕ್ ಕೈಗೆ ಕೊಡುತ್ತ, "ಸೊನ್ನೆ ನೋಡದೇ ಇದ್ದದ್ದು ನಾನು," ಎಂದೂ ಸೇರಿಸಿದರು. ದೊಡ್ಡ ಮನುಷ್ಯ. ಅದು ನನಗೆ ಇನ್ನೂ ಕಷ್ಟವಾಯಿತು.

ಗುಂಡು ಬಿಡಿಸಲು ಸುತ್ತಿಗೆಯ ಆಕಾರದ ಒಂದು ಸಾಧನವಿದೆ. ಕಾಡತೂಸನ್ನು ಅದರೊಳಗೆ ಸಿಕ್ಕಿಸಿ ಕುಟ್ಟಿದರೆ ಗುಂಡು, ಮದ್ದು ಬೇರೆಬೇರೆಯಾಗಿ ಉದುರುತ್ತವೆ. ಹೆಂಕ್ ಕುಟ್ಟಿದರು, ಭಾವ ಎಣಿಸಿದರು. ಹದಿನೇಳನೆಯದು ಉದುರಿದಾಗ ಅಕ್ಕ ಹಿತ್ತಲ ಬಾಗಿಲಿಂದ, "ಗಂಧ ಇಡು ಅಂದ್ರೆ ಮೆತ್ತಿ ಬಂದಿದ್ದೀಯಲ್ಲೇ!" ಎಂದು ಒಂದೇ ಮಾತು ಹೇಳಿ, ಊಟಕ್ಕೆ ಕರೆದಳು.

ಊಟವಾದ ಮೇಲೆ ಆಫೀಸಿನ ಲ್ಯಾಪ್‌ಟಾಪು ಮುಚ್ಚಲು ಹೋದೆ. ಆ ವಾರವಿಡೀ ಮೀಟಿಂಗುಗಳಲ್ಲಿ ನನ್ನ ಮುಖ ಕೆಂಪು ಮಂಜಿನೊಳಗೆ ಕಾಣುತ್ತಿತ್ತು. ಕ್ಯಾಮೆರಾ ರಿಪೇರಿ ಮಾಡಲು ಬರದ ಅಡ್ಡಕಸುಬಿಗಳೆಂದು ಕಂಪನಿಯ ಐಟಿ ವಿಭಾಗದವರಿಗೆ ಮೂರು ಖಾರವಾದ ಪತ್ರ ಬರೆದಿದ್ದೆ. ಈಗ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಕ್ಯಾಮೆರಾದ ಪುಟ್ಟ ಕಣ್ಣಿನ ಮೇಲೆ, ಸರಿಯಾಗಿ ನಡುವೆ, ಲಕ್ಷಣವಾಗಿ ನನ್ನದೇ ಕುಂಕುಮ. ಸೆರಗಿನ ತುದಿಯಿಂದ ಒರೆಸಿ, ದೀಪ ಆರಿಸಿ, ಹತ್ತು ಗಂಟೆಗೆ ಮಲಗಿದೆ. ಮತ್ತೆ ಕಣ್ಣು ಬಿಟ್ಟಾಗ ಶನಿವಾರ ಬೆಳಗಾಗಿ, ರಾಹುಕಾಲ ಶುರುವಾಗಿ ಹತ್ತು ನಿಮಿಷವಾಗಿತ್ತು.