ಎರಡು ದೇಶಗಳ ನಡುವೆ ಒಂದು ಕುರ್ಚಿ

ರಾಷ್ಟ್ರಗಳ ನಡುವಿನ ಸ್ನೇಹ ಗಂಭೀರವಾದುದೆಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಅದು ನಮ್ಮ ಕಚೇರಿಯನ್ನು ಹಾದುಹೋಗುವಾಗಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ.

ನಾಗಪುರದ ಸಿವಿಲ್ ಲೈನ್ಸಿನ ಹಳೆಯ ಗ್ರಂಥಾಲಯ ಭವನದ ಜೀರ್ಣೋದ್ಧಾರ ಮುಗಿದಿತ್ತು. ತಜ್ಞರನ್ನು ಕಳುಹಿಸಿ ನೆರವಾಗಿದ್ದ ದೇಶವೊಂದು ಅದರ ನೆನಪಿಗೆ ಕೆತ್ತನೆಯ ಕುರ್ಚಿಯನ್ನು ಉಡುಗೊರೆಯಾಗಿ ಕೊಟ್ಟಿತು. ಅದರ ಅನಾವರಣದ ಹೊಣೆ ಹಂಗಾಮಿ ಸಹಾಯಕನಾದ ನನ್ನದು.

“ಇದೊಂದು ಚಲೋ ಆತಂದ್ರ, ನಿನ್ನ ಕಾಯಂ ಮಾಡ್ರಿ ಅಂತ ನಾನ ಹೇಳ್ತೀನಿ,” ಎಂದಿದ್ದರು ಧಾರವಾಡ ಕಡೆಯ ನಮ್ಮ ಸಾಹೇಬರು.

೧. ಕುಂಕುಮ

ಪೆಟ್ಟಿಗೆ ತೆರೆದೊಡನೆ ಭವನದ ಕಾವಲುಗಾರ ಕಾಕಾ ಕುರ್ಚಿಗೆ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದರು. “ನವಾ ಸಾಮಾನ್ ಸಾಹೇಬ್, ಪೂಜೆ ಇಲ್ಲದೆ ಹೇಗೆ?”

ರಾಯಭಾರ ಕಚೇರಿಯ ಅಧಿಕಾರಿ ಗಾಬರಿಯಿಂದ, “ಈ ಕೆಂಪು ಗುರುತೇನು?” ಎಂದರು.

ಸಾಹೇಬರು ಎದೆಗುಂದಲಿಲ್ಲ. “ತಮ್ಮ ಉಡುಗೊರೆ ತಲುಪಿದೆ ಎಂಬುದಕ್ಕೆ ನಮ್ಮ ಮೊಹರು.”

೨. ಮುಯ್ಯಿ

ಪ್ರತಾಪ ನಗರದ ಮನೆಯಲ್ಲಿ ಸಾಹೇಬರ ಪತ್ನಿ ತಗಾದೆ ತೆಗೆದರು. “ಅವ್ರು ಇಷ್ಟು ದೊಡ್ಡ ಮುಯ್ಯಿ ಮಾಡ್ಯಾರ. ರಾಯಭಾರಿ ಹೆಣ್ಣುಮಗಳು ಬೇರೆ. ಬರೇ ಹಾರ ಹಾಕಿ ಕಳಸ್ತೀರೇನ್ರಿ? ಉಡಿ ತುಂಬಬೇಕು.”

“ದಿಲ್ಲಿಯ ಶಿಷ್ಟಾಚಾರದವ್ರು ಏನಂತಾರ?”

“ಅವ್ರೊಳಗೂ ಹೆಣ್ಣುಮಕ್ಕಳಿದ್ರ ಕರಕೊಂಡ ಬರ್ರಿ, ಅವ್ರಿಗೂ ತುಂಬ್ತೀನಿ!”

೩. ಅನಾವರಣ

ಸಮಾರಂಭದ ಬೆಳಿಗ್ಗೆ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ ವೇದಿಕೆಯ ಮೂಲೆಯಲ್ಲಿಟ್ಟೆ. ವೇದಿಕೆಯ ಉಳಿದ ಕುರ್ಚಿಗಳಿಗೂ ಬಿಳಿಯ ಹೊದಿಕೆಯೇ. ಇದೊಂದಕ್ಕೆ ಬಂಗಾರದ ಪಟ್ಟಿ ಕಟ್ಟುವುದು ಮರೆತಿದೆಯೆಂದು ಭಾವಿಸಿದ ಪೆಂಡಾಲಿನವರು, ಪಟ್ಟಿ ಕಟ್ಟಿ ಸಾಲಿನ ನಡುವೆ ಇರಿಸಿದರು. ಆ ಕುರ್ಚಿಯನ್ನೇ ಮುಖ್ಯ ಅತಿಥಿಗಳಾದ ಮಂತ್ರಿಗಳು ತುಂಬಿಕೊಂಡು ಆಸೀನರಾದರು.

“ಎಬ್ಬಸೋ ಮಾರಾಯಾ, ಜಲ್ದಿ!” ಸಾಹೇಬರು ಕಿವಿಯಲ್ಲಿ ಪಿಸುಗುಟ್ಟಿದರು.

ಎಲ್ಲರೂ ಎದ್ದು ನಿಂತಾಗ ಕುರ್ಚಿ ಬದಲಿಸುವಂತೆ ಕಾಕಾಗೆ ಹೇಳಿ, ರಾಷ್ಟ್ರಗೀತೆಯನ್ನು ಘೋಷಿಸಿದೆ. ಎಲ್ಲರೂ ಎದ್ದರು. ಕಾಕಾ ಮಾತ್ರ ಸೆಟೆದು ನಿಂತಲ್ಲಿಂದ ಅಲುಗಲಿಲ್ಲ. ಗೀತೆ ಮುಗಿಯಿತು, ಮಂತ್ರಿಗಳು ಮತ್ತೆ ಅದರಲ್ಲೇ ಕುಳಿತರು.

“ಕಾಕಾ!”

“ರಾಷ್ಟ್ರಗೀತೆ ನಡೆದಾಗ ಅಲುಗುವುದು ಹೇಗೆ ಸಾಹೇಬ್?”

ಅಷ್ಟರಲ್ಲಿ ಅನಾವರಣಕ್ಕೆಂದು ರಾಯಭಾರಿ ಎದ್ದು ನಿಂತು ಸುತ್ತಲೂ ನೋಡತೊಡಗಿದರು. ಮಂತ್ರಿಗಳಿಗೆ ತಾಳ್ಮೆ ತಪ್ಪಿತು. “ಅತಿಥಿಗಳನ್ನು ಕಾಯಿಸುತ್ತೀರಾ? ಎಲ್ಲಿದೆ ಆ ಕುರ್ಚಿ? ತನ್ನಿ!”

ಕೈಯಲ್ಲಿದ್ದ ಮೈಕನ್ನು ಮರೆತು ಹೇಳಿದೆ: “ಸರ್, ತಾವು ಎದ್ದರೆ ಬರುತ್ತದೆ.”

ಸಭೆ ಗೊಳ್ಳೆಂದಿತು. ಮೊದಲು ನಕ್ಕವರು ರಾಯಭಾರಿ. ಮಂತ್ರಿಗಳು ಎದ್ದರು, ಬಟ್ಟೆ ಸರಿಯಿತು, ಚಪ್ಪಾಳೆಯಾಯಿತು.

ಹೊರಡುವಾಗ ಮಂತ್ರಿಗಳು ನನ್ನ ಹೆಗಲ ಮೇಲೆ ಕೈಯಿಟ್ಟು ಸಾಹೇಬರಿಗೆ ಹೇಳಿದರು: “ವಿರೋಧ ಪಕ್ಷಕ್ಕೂ ಆಗದ್ದನ್ನು ಈ ಹುಡುಗ ಮಾಡಿದ. ಖಂಡಿತ ಕಾಯಂ ಮಾಡಿ. ಆದರೆ ನನ್ನ ಕ್ಷೇತ್ರದಲ್ಲಿ ಬೇಡ.”